ಮರಿಯಪ್ಪನವರ ಪ್ರಾಕ್ಟಿಕಲ್

ನಮ್ಮ ಕಾಲೇಜಿನಲ್ಲಿ ಪ್ರಾಕ್ಟಿಕಲ್ ಎಂಬ ಪದಕ್ಕೆ ಎರಡು ಅರ್ಥಗಳಿದ್ದವು. ಒಂದು ಟೈಮ್ ಟೇಬಲ್‌ನಲ್ಲಿ ಇರುವುದು. ಬುಧವಾರ ಮಧ್ಯಾಹ್ನ ಎರಡರಿಂದ ನಾಲ್ಕು, ಎರಡನೇ ಪಿಯುಸಿ ಬಿ ಸೆಕ್ಷನ್, ಕೆಮಿಸ್ಟ್ರಿ ಪ್ರಾಕ್ಟಿಕಲ್. ಇನ್ನೊಂದು ಟೈಮ್ ಟೇಬಲ್‌ನಲ್ಲಿ ಇಲ್ಲದ್ದು, ಆದರೆ ದಿನಕ್ಕೆ ನಾಲ್ಕು ಸಲವಾದರೂ ಕಿವಿಗೆ ಬೀಳುವಂಥದ್ದು: "ಸ್ವಲ್ಪ ಪ್ರಾಕ್ಟಿಕಲ್ ಆಗಿರಿ."

ನಾನು ಅಲ್ಲಿ ಕನ್ನಡ ಪಾಠ ಮಾಡುತ್ತೇನೆ. ಪದಗಳನ್ನು ಜನ ಹೇಗೆ ಬಳಸುತ್ತಾರೆ ಎಂದು ಗಮನಿಸುವುದು ನನಗೆ ಚಟ. ಈ ಎರಡನೇ ಪ್ರಾಕ್ಟಿಕಲ್ಲಿನ ಹಿಂದೆ 'ಸ್ವಲ್ಪ' ಇಲ್ಲದೆ ಅದು ಬಂದದ್ದನ್ನು ನಾನು ಕೇಳಿಲ್ಲ. ಅದನ್ನು ತನಗೆ ತಾನೇ ಹೇಳಿಕೊಂಡವರನ್ನೂ ನೋಡಿಲ್ಲ; ಒಂದು ಸಲ ಬಿಟ್ಟರೆ ಯಾವಾಗಲೂ ಹೆಚ್ಚು ಸಂಬಳದವರು ಕಡಿಮೆ ಸಂಬಳದವರಿಗೆ, ನಗುಮುಖದಿಂದಲೇ ಹೇಳುತ್ತಾರೆ. ಪುಸ್ತಕದ ಕನ್ನಡದಲ್ಲಿ ಮೊದಲನೆಯದಕ್ಕೆ 'ಪ್ರಾಯೋಗಿಕ' ಎನ್ನುತ್ತೇವೆ. ಎರಡನೆಯದಕ್ಕೆ 'ವ್ಯಾವಹಾರಿಕ' ಎಂದು ಬರೆದು ನೋಡಿದ್ದೇನೆ, ಪೂರ್ತಿ ಹೊಂದುವುದಿಲ್ಲ. ಗಾಳಿ ಬಂದಾಗ ತೂರಿಕೋ ಎಂದು ಹಿಂದಿನವರು ಹೇಳುತ್ತಿದ್ದರು. ಅದರಲ್ಲಿ ತೂರುವ ಕಷ್ಟವಾದರೂ ಇತ್ತು. ಪ್ರಾಕ್ಟಿಕಲ್ ಆಗಿರುವುದಕ್ಕೆ ಏನೂ ಮಾಡಬೇಕಾಗಿಲ್ಲ, ಸುಮ್ಮನಿದ್ದರೆ ಸಾಕು.

ಲ್ಯಾಬ್ ಅಟೆಂಡರ್ ಮರಿಯಪ್ಪನವರಿಗೆ ಮೊದಲನೇ ಅರ್ಥ ಮಾತ್ರ ಗೊತ್ತಿತ್ತು. ಎರಡನೆಯದನ್ನು ಅವರಿಗೆ ಕಲಿಸಿದವರಲ್ಲಿ ನಾನೂ ಒಬ್ಬಳು.

ಅವರದು ಮಾರೇನಹಳ್ಳಿಯ ಹಳೇ ಊರಿನ ಗಲ್ಲಿ, ಅಂಗಡಿ ಸಾಲಿನ ಹಿಂದೆ. ಅವರ ಅಜ್ಜ ರಾಗಿ ಬೆಳೆಯುತ್ತಿದ್ದ ಹೊಲದಲ್ಲಿ ಈಗ ಚಪ್ಪಲಿ ಅಂಗಡಿಗಳೂ ಒಂದು ದರ್ಶಿನಿಯೂ ಇವೆ. ಹೊಲ ಹೋದ ಮೇಲೆ ಮನೆತನಕ್ಕೆ ಉಳಿದದ್ದು ಎರಡು ಕೋಣೆಯ ಮನೆ. ಮರಿಯಪ್ಪನವರು ಪಿಯುಸಿಯಲ್ಲಿ ಸೈನ್ಸ್ ತೆಗೆದುಕೊಂಡು ಥಿಯರಿಯಲ್ಲಿ ಫೇಲಾದರು, ಪ್ರಾಕ್ಟಿಕಲ್‌ನಲ್ಲಿ ಪೂರ್ತಿ ಅಂಕ ಬಂದಿತ್ತು. ಕೆಲವು ವರ್ಷ ಕಾಮಾಕ್ಷಿಪಾಳ್ಯದ ಒಂದು ಪೇಂಟ್ ಗೋಡೌನಿನಲ್ಲಿ ಡಬ್ಬ ಎತ್ತಿ, ಇಪ್ಪತ್ತಾರನೇ ವಯಸ್ಸಿಗೆ ನಮ್ಮ ಕಾಲೇಜಿಗೆ ಅಟೆಂಡರ್ ಆಗಿ ಸೇರಿದರು. ನಾನು ಹೇಳುವ ಸಂಗತಿ ನಡೆದದ್ದು ೨೦೨೨ರಲ್ಲಿ. ಆ ಹೊತ್ತಿಗೆ ಅವರಿಗೆ ಲ್ಯಾಬಿನಲ್ಲಿ ಇಪ್ಪತ್ತಾರು ವರ್ಷವಾಗಿತ್ತು.

ಲ್ಯಾಬಿಗೆ ಹೋದರೆ ಆಸಿಡ್ಡಿನ ಘಾಟಿನ ಜೊತೆಗೆ ಗೋಂದಿನ ವಾಸನೆಯೂ ಬರುತ್ತಿತ್ತು. ಸೀಸೆಗಳ ಮೇಲಿನ ಚೀಟಿ ಮಾಸುವುದನ್ನು ಅವರು ಸಹಿಸುತ್ತಿರಲಿಲ್ಲ. ಮೂರು ತಿಂಗಳಿಗೊಮ್ಮೆ ಎಲ್ಲ ಚೀಟಿಗಳನ್ನೂ ಹೊಸದಾಗಿ ಬರೆದು ಅಂಟಿಸುವರು. ಮೂರು ರಿಜಿಸ್ಟರುಗಳಿದ್ದವು: ಬಂದ ಸಾಮಾನಿನದು, ಒಡೆದ ಸಾಮಾನಿನದು, ದಿನ ನಡೆದ ಕೆಲಸದ್ದು. ಮೂರರಲ್ಲೂ ಅವರದೇ ಗುಂಡು ಅಕ್ಷರ. ಒಂದು ಸಲ ಹಳೆಯ ಪುಸ್ತಕ ತಿರುವುತ್ತಿದ್ದಾಗ ಒಂದು ಸಾಲು ನನ್ನ ಕಣ್ಣಿಗೆ ಬಿತ್ತು. ಒಂದು ಲೀಟರಿನ ಅಳತೆ ಜಾಡಿ ಒಡೆದದ್ದು. ಒಡೆದವರು: ಮರಿಯಪ್ಪ. ಕಾರಣ: ಅವಸರ. ಆಗ ಲ್ಯಾಬಿನಲ್ಲಿ ಬೇರೆ ಯಾರೂ ಇರಲಿಲ್ಲವಂತೆ. ಬೆಕ್ಕು ಬೀಳಿಸಿತು ಎಂದು ಬರೆದಿದ್ದರೂ ಯಾರೂ ಕೇಳುತ್ತಿರಲಿಲ್ಲ ಎಂದೆ. ಬೆಕ್ಕು ಲ್ಯಾಬಿಗೆ ಬರಲ್ಲ ಮೇಡಂ, ಆಸಿಡ್ ವಾಸನೆಗೆ, ಎಂದರು. ತಮಾಷೆಗಲ್ಲ, ನಿಜವಾಗಿಯೇ ಹೇಳಿದ್ದು.

ಪರೀಕ್ಷೆಗೆ ಹೊರಗಿನಿಂದ ಬರುವ ಎಕ್ಸಾಮಿನರುಗಳು ಮೊದಲು ಅವರ ಪುಸ್ತಕ ಕೇಳುತ್ತಿದ್ದರು. ಮರಿಯಪ್ಪ ಬರೆದಿದ್ದಾರೆ ಅಂದರೆ ಅದು ನಡೆದಿದೆ ಎಂದೇ ಅರ್ಥ. ಹಾಗೆಂದು ಅವರು ಯಾರಿಗೂ ಬೇಕಾದವರಾಗಿರಲಿಲ್ಲ. ಕೆಮಿಸ್ಟ್ರಿ ಪ್ರಾಕ್ಟಿಕಲ್ ಪರೀಕ್ಷೆಯಲ್ಲಿ ಪ್ರತಿ ಹುಡುಗನಿಗೂ ಒಂದು ಪೊಟ್ಟಣದಲ್ಲಿ ಗುರುತು ಹೇಳದ ಲವಣ ಕೊಡುತ್ತಾರೆ. ಅದು ಯಾವುದೆಂದು ಪರೀಕ್ಷಿಸಿ ಬರೆಯಬೇಕು. ಬೇರೆ ಕಾಲೇಜುಗಳಲ್ಲಿ ಯಾವ ಪೊಟ್ಟಣದಲ್ಲಿ ಏನಿದೆ ಎಂಬ ಪಟ್ಟಿ ಹಿಂದಿನ ದಿನವೇ ಮಕ್ಕಳ ಮೊಬೈಲಿಗೆ ಬರುತ್ತದೆಂದು ನಮ್ಮ ಮಕ್ಕಳು ಗೊಣಗುತ್ತಿದ್ದರು. ನಮ್ಮಲ್ಲಿ ಪೊಟ್ಟಣ ಕಟ್ಟುತ್ತಿದ್ದವರು ಮರಿಯಪ್ಪನವರು. ಅವರು ಬಾಯಿ ಬಿಡುತ್ತಿರಲಿಲ್ಲ.

೨೦೧೮ರಲ್ಲಿ ಅವರ ಒಬ್ಬಳೇ ಮಗಳು ಕೀರ್ತನಾ ನಮ್ಮಲ್ಲೇ ಎರಡನೇ ಪಿಯುಸಿಯಲ್ಲಿದ್ದಳು. ಪರೀಕ್ಷೆಯ ಹಿಂದಿನ ಸಂಜೆ ಅವಳು ಅಪ್ಪನನ್ನು ನೇರವಾಗಿ ಕೇಳಲಿಲ್ಲ, ಅಮ್ಮ ಅಂಜನಮ್ಮನ ಕೈಲಿ ಕೇಳಿಸಿದಳು. ಮರಿಯಪ್ಪನವರು ಊಟದ ತಟ್ಟೆ ಮುಂದಿಟ್ಟುಕೊಂಡು, ಸರಿಯಾಗಿ ಟೆಸ್ಟ್ ಮಾಡಿದರೆ ತಾನಾಗಿ ಗೊತ್ತಾಗುತ್ತೆ ಎಂದಷ್ಟೇ ಹೇಳಿದರು. ಮಾರನೇ ದಿನ ಕೀರ್ತನಾ ಗಾಬರಿಯಲ್ಲಿ, ಮಾಡಬೇಕಾದ ಒಂದು ಟೆಸ್ಟ್ ಬಿಟ್ಟು ತಪ್ಪು ಲವಣದ ಹೆಸರು ಬರೆದಳು. ಮಗಳ ಬೆಂಚಿನಿಂದ ಎರಡು ಮಾರು ದೂರದಲ್ಲಿ ಮರಿಯಪ್ಪನವರು ಬರ್ನರುಗಳಿಗೆ ಗ್ಯಾಸ್ ಬಿಡುತ್ತ ನಿಂತಿದ್ದರು. ಅವಳಿಗೆ ಬಂದದ್ದು ಮೂವತ್ತಕ್ಕೆ ಇಪ್ಪತ್ತೊಂದು. ಒಂದು ವಾರ ಅವಳು ಮಾತಾಡಲಿಲ್ಲ. ಆಮೇಲೆ ಹೇಳಿದ ಮೊದಲ ಮಾತು, "ಪ್ರಾಕ್ಟಿಕಲ್ಲಲ್ಲಾದ್ರೂ ಪ್ರಾಕ್ಟಿಕಲ್ ಆಗಿರ್ಬೇಕಪ್ಪ." ಇದನ್ನು ಮರಿಯಪ್ಪನವರೇ ನನಗೆ ಹೇಳಿದ್ದು. ಅವಳು ಹೇಳಿದ್ದು ಚೆನ್ನಾಗಿದೆ, ಆದರೆ ಅರ್ಥವಾಗಲಿಲ್ಲ ಎಂದರು.

ನಾವಿಬ್ಬರೂ ಮಧ್ಯಾಹ್ನದ ಊಟ ಒಟ್ಟಿಗೆ ಮಾಡುತ್ತಿದ್ದೆವು. ಸ್ಟಾಫ್ ರೂಮಿನಲ್ಲಿ ಅಟೆಂಡರುಗಳು ಕೂರುವ ರೂಢಿಯಿರಲಿಲ್ಲ, ಆದ್ದರಿಂದ ನಾನೇ ಲ್ಯಾಬಿನ ಪಕ್ಕದ ಸಾಮಾನಿನ ಕೋಣೆಗೆ ಹೋಗುತ್ತಿದ್ದೆ. ಅಂಜನಮ್ಮನ ಉಪ್ಸಾರಿನ ಆಸೆಗೆ ಶುರುವಾದದ್ದು ರೂಢಿಯಾಗಿಬಿಟ್ಟಿತು. ಆಗ ನನ್ನದು ವರ್ಷ ವರ್ಷಕ್ಕೂ ಹೊಸದಾಗಿ ಕಾಗದ ಕೊಡುವ ತಾತ್ಕಾಲಿಕ ಕೆಲಸ. ಹನ್ನೊಂದು ವರ್ಷದಿಂದ ಹಾಗೇ ನಡೆದಿತ್ತು.

೨೦೨೨ರ ಸೆಪ್ಟೆಂಬರಿನಲ್ಲಿ ಕೆಮಿಸ್ಟ್ರಿ ಮೇಷ್ಟರು ಕೆಲಸ ಬಿಟ್ಟು ಒಂದು ಕೋಚಿಂಗ್ ಸೆಂಟರಿಗೆ ಹೋದರು. ಹೊಸಬರು ಬರಲಿಲ್ಲ. ಥಿಯರಿಯನ್ನು ಯಾರೋ ಗಂಟೆ ಲೆಕ್ಕದಲ್ಲಿ ಬಂದು ಹೇಳಿ ಹೋಗುತ್ತಿದ್ದರು. ಪ್ರಾಕ್ಟಿಕಲ್ ಮಾತ್ರ ಮರಿಯಪ್ಪನವರ ತಲೆಗೆ ಬಿತ್ತು. ಅಟೆಂಡರ್ ಒಬ್ಬನ ಕೈಗೇ ಇಪ್ಪತ್ತನಾಲ್ಕು ಮಕ್ಕಳನ್ನು ಆಸಿಡ್ ಜೊತೆ ಬಿಡುವುದು ನಿಯಮವಲ್ಲ ಎಂದು ಅವರು ಪ್ರಿನ್ಸಿಪಾಲ್ ಗಿರಿರಾಜ್ ಅವರಿಗೆ ಹೇಳಿದರು. ಗಿರಿರಾಜ್ ಕೆಟ್ಟವರಲ್ಲ. ಒಂದು ಕಾಲಕ್ಕೆ ಒಳ್ಳೆಯ ಫಿಸಿಕ್ಸ್ ಮೇಷ್ಟರಾಗಿದ್ದವರು, ಮ್ಯಾನೇಜ್‌ಮೆಂಟಿನವರಿಗೆ ಹೆದರುತ್ತ ಹೆದರುತ್ತ ಪ್ರಿನ್ಸಿಪಾಲರಾದವರು. ನಿಮಗಿಂತ ಚೆನ್ನಾಗಿ ಯಾವ ಲೆಕ್ಚರರ್ ನೋಡಿಕೊಳ್ಳುತ್ತಾನೆ, ಸ್ವಲ್ಪ ಪ್ರಾಕ್ಟಿಕಲ್ ಆಗಿ ಎಂದು ಬೆನ್ನು ತಟ್ಟಿ ಕಳಿಸಿದರು. ಪ್ರಯೋಗ ಮಾಡುವಾಗ ಕಣ್ಣಿನ ರಕ್ಷಣೆಗೆ ಹಾಕುವ ಕನ್ನಡಕ ಆರೇ ಇವೆ, ಅದರಲ್ಲೂ ಎರಡರ ಪಟ್ಟಿ ಹರಿದಿದೆ, ಎಕ್ಸಾಸ್ಟ್ ಫ್ಯಾನ್ ತಿರುಗುತ್ತಿಲ್ಲ ಎಂದು ಮರಿಯಪ್ಪನವರು ಮೂರು ಸಲ ಬರವಣಿಗೆಯಲ್ಲಿ ಕೊಟ್ಟರು. ಮೂರಕ್ಕೂ ಉತ್ತರ ಬರಲಿಲ್ಲ.

ನವೆಂಬರ್ ತಿಂಗಳ ಒಂದು ಬುಧವಾರ. ಮಕ್ಕಳು ಲವಣಕ್ಕೆ ಸಲ್ಫ್ಯೂರಿಕ್ ಆಸಿಡ್ ಹಾಕಿ ಕಾಯಿಸುತ್ತಿದ್ದರು. ಧನ್ಯಶ್ರೀ ಎಂಬ ಹುಡುಗಿ ತನ್ನ ಪ್ರಯೋಗ ಮುಗಿಸಿ, ಬಗ್ಗಿ ರೆಕಾರ್ಡ್ ಪುಸ್ತಕದಲ್ಲಿ ಬರೆಯುತ್ತಿದ್ದಳು. ಎದುರು ಬೆಂಚಿನ ಹುಡುಗನ ಕೈಯಲ್ಲಿದ್ದ ನಳಿಕೆಯಿಂದ ಆಸಿಡ್ ಬಿಸಿ ಹೆಚ್ಚಾಗಿ ಒಮ್ಮೆಲೇ ಚಿಮ್ಮಿತು. ಧನ್ಯಶ್ರೀ ಅದೇ ಕ್ಷಣಕ್ಕೆ ತಲೆ ಎತ್ತಿದಳು. ಅವಳ ಕಣ್ಣಿಗೆ ಕನ್ನಡಕ ಇರಲಿಲ್ಲ. ಅವಳ ಬೆಂಚಿಗೆ ಬಂದಿದ್ದ ಒಂದು ಕನ್ನಡಕ ಪಕ್ಕದವಳ ಸರದಿಯಲ್ಲಿತ್ತು.

ಮರಿಯಪ್ಪನವರು ಅವಳನ್ನು ಎತ್ತಿ ಸಿಂಕಿಗೆ ಒಯ್ದು, ರೆಪ್ಪೆ ಬಿಡಿಸಿ ಹಿಡಿದು ನಲ್ಲಿ ಬಿಟ್ಟರು. ಇಪ್ಪತ್ತು ನಿಮಿಷ ನೀರು ಹರಿಯಬೇಕು. ಐದು ನಿಮಿಷಕ್ಕೆ ನಲ್ಲಿ ನಿಂತುಹೋಯಿತು, ಮೇಲಿನ ಟ್ಯಾಂಕಿನಲ್ಲಿ ನೀರಿರಲಿಲ್ಲ. ಕೂಗು ಕೇಳಿ ಬಂದಿದ್ದ ನಾನು ಸ್ಟಾಫ್ ರೂಮಿನ ಕುಡಿಯುವ ನೀರಿನ ಕ್ಯಾನನ್ನು ಉರುಳಿಸಿಕೊಂಡು ಬಂದೆ. ಅವರು ಲೋಟ ಲೋಟವಾಗಿ ಸುರಿದರು. ಆಟೋದಲ್ಲಿ ರಾಜಾಜಿನಗರದ ಆಸ್ಪತ್ರೆಗೆ ಒಯ್ಯುವಾಗಲೂ ದಾರಿಯುದ್ದಕ್ಕೂ ಸುರಿಯುತ್ತಲೇ ಇದ್ದರು. ಬಲಗಣ್ಣು ಉಳಿಯಿತು. ಎಡಗಣ್ಣಿನ ಕರಿಗುಡ್ಡೆಯ ಮೇಲಿನ ಪದರ ಸುಟ್ಟಿತ್ತು.

ಆಸ್ಪತ್ರೆಯಿಂದ ಅವರು ಕಾಲೇಜಿಗೇ ವಾಪಸ್ ಬಂದರು. ಬಟ್ಟೆ ಇನ್ನೂ ಒದ್ದೆಯಾಗಿತ್ತು. ದಿನದ ರಿಜಿಸ್ಟರ್ ತೆಗೆದು ನಡೆದದ್ದನ್ನೆಲ್ಲ ಬರೆದರು. ಲೆಕ್ಚರರ್ ಇರಲಿಲ್ಲ. ಕನ್ನಡಕ ಸಾಲದೆ ಇತ್ತು. ಫ್ಯಾನ್ ಕೆಟ್ಟಿತ್ತು. ನಲ್ಲಿ ನೀರು ಐದು ನಿಮಿಷಕ್ಕೆ ನಿಂತಿತು. ಕೊನೆಗೆ, ಆ ಹುಡುಗನ ಕಡೆ ನಾನು ಆಗ ನೋಡುತ್ತಿರಲಿಲ್ಲ ಎಂದೂ ಬರೆದು ಸಹಿ ಮಾಡಿದರು.

ಮಾರನೇ ಬೆಳಿಗ್ಗೆ ಗಿರಿರಾಜ್ ಅದನ್ನು ಓದಿದರು. ಮ್ಯಾನೇಜ್‌ಮೆಂಟಿನವರು ಆಪರೇಷನ್ನಿನ ಖರ್ಚು ಕೊಡಲು ಒಪ್ಪಿದ್ದಾರೆ, ಆದರೆ ಕಾಗದದಲ್ಲಿ ಕಾಲೇಜಿನ ತಪ್ಪು ಇರಕೂಡದು ಎಂದರು. ಆ ಹಾಳೆ ತೆಗೆದು, ಬೇರೆ ಹೇಳಿಕೆ ಬರೆದುಕೊಡಬೇಕು. ಮರಿಯಪ್ಪನವರು ಆಗಲ್ಲ ಸಾರ್ ಎಂದರು. ಗಿರಿರಾಜ್ ಕುರ್ಚಿಯಿಂದ ಎದ್ದು ಬಂದು ಅವರ ಪಕ್ಕ ನಿಂತರಂತೆ.

"ಬೇರೆ ಯಾರ್ ಕೈಲಿ ಬರೆಸಿದ್ರೂ ಜನ ನಂಬಲ್ಲ ಮರಿಯಪ್ಪ. ನೀವು ಬರೆದ್ರೆ ಎರಡನೇ ಮಾತು ಕೇಳಲ್ಲ. ಅದಕ್ಕೇ ನಿಮ್ಮನ್ನೇ ಕೇಳ್ತಿರೋದು."

ಒಂಬತ್ತು ದಿನ ಅವರು ಒಪ್ಪಲಿಲ್ಲ. ಯಾರೂ ಬೈಯಲಿಲ್ಲ, ಹೆದರಿಸಲಿಲ್ಲ. ಕಾರಿಡಾರಿನಲ್ಲಿ ಸಿಕ್ಕವರೆಲ್ಲ, ಸ್ವಲ್ಪ ಪ್ರಾಕ್ಟಿಕಲ್ ಆಗಿ ಎಂಬ ಅದೇ ಮಾತು ಹೇಳುತ್ತಿದ್ದರು. ಕ್ಲರ್ಕ್ ಹೇಳಿದ, ಲೆಕ್ಚರರುಗಳು ಹೇಳಿದರು. ಆ ವಾರ ಗಿರಿರಾಜ್ ನನ್ನನ್ನೂ ಕರೆದರು. ನನ್ನ ಕೆಲಸವನ್ನು ಕಾಯಂ ಮಾಡುವ ಕಡತ ಮೇಲೆ ಹೋಗಿದೆ ಎಂಬ ಸುದ್ದಿಯನ್ನು ಮೊದಲು ಹೇಳಿದರು. ಆಮೇಲೆ ಒಂದು ಒರಟು ಕರಡನ್ನು ಕೈಗಿಟ್ಟು, ಇದನ್ನು ಒಳ್ಳೆಯ ಕನ್ನಡದಲ್ಲಿ ಮಾಡಿಕೊಡಿ, ಮರಿಯಪ್ಪನ ಜೊತೆ ನೀವೂ ಒಂದು ಮಾತಾಡಿ ಎಂದರು.

ನಾನು ಮಾಡಿಕೊಟ್ಟೆ. 'ಲೆಕ್ಚರರ್ ಉಪಸ್ಥಿತರಿದ್ದರು.' 'ಕನ್ನಡಕಗಳನ್ನು ವಿತರಿಸಲಾಗಿತ್ತು.' ಕರಡಿನಲ್ಲಿ, ಹುಡುಗಿ ಕನ್ನಡಕ ತೆಗೆದಿದ್ದಳು ಎಂದಿತ್ತು. ಅದು ಬರಿದಾಗಿ ಕಂಡಿತು. 'ವಿದ್ಯಾರ್ಥಿನಿಯು ಸೂಚನೆಯನ್ನು ಮೀರಿ ಕನ್ನಡಕವನ್ನು ತೆಗೆದಿದ್ದರಿಂದ' ಎಂದು ಬರೆದೆ. 'ಸೂಚನೆಯನ್ನು ಮೀರಿ' ಎಂಬ ಎರಡು ಪದ ನನ್ನದೇ. ವಾಕ್ಯ ಸರಿಯಾಗಿ ಕೂತಿತು ಎಂದು ಸಮಾಧಾನವೂ ಆಯಿತು. ಆ ದಿನ ಊಟದ ಹೊತ್ತಿಗೆ ನಾನು ಮರಿಯಪ್ಪನವರಿಗೆ ಅದೇ ಮಾತು ಹೇಳಿದೆ, ಸ್ವಲ್ಪ ಪ್ರಾಕ್ಟಿಕಲ್ ಆಗಿ ಎಂದು. ಅವರು ಡಬ್ಬಿಯ ಮುಚ್ಚಳದಲ್ಲಿ ನನಗೆ ಮುದ್ದೆ ಮುರಿದಿಡುತ್ತಿದ್ದರು. ಇಟ್ಟರು.

ಶುಕ್ರವಾರ ಸಂಜೆ ಆ ಕಾಗದ ಹಿಡಿದು ನಾನು ಅವರ ಮನೆಗೆ ಹೋದೆ. ಜೊತೆಗೆ ಧನ್ಯಶ್ರೀಯ ಅಪ್ಪ ರೇವಣಸಿದ್ದ ಇದ್ದರು. ಅವರ ಮನೆ ಕುರುಬರಹಳ್ಳಿಯಲ್ಲಿ. ಒಂದು ಸಣ್ಣ ಶೆಡ್ಡಿನಲ್ಲಿ ಕಬ್ಬಿಣದ ಕಿಟಕಿಗಳಿಗೆ ಬಣ್ಣದ ಪುಡಿ ಹೊಡೆಯುವ ಕೆಲಸ, ರೆಪ್ಪೆಯ ಅಂಚಿನಲ್ಲಿ ಹಸಿರು ಪುಡಿ ಉಳಿದಿತ್ತು. ಅವರನ್ನು ಕರೆದುಕೊಂಡು ಹೋಗುವುದು ಗಿರಿರಾಜ್ ಅವರ ಯೋಚನೆ. ಅಂಜನಮ್ಮ ಕಾಫಿ ಕೊಟ್ಟು ಬಾಗಿಲ ಬಳಿ ನಿಂತರು. ಮರಿಯಪ್ಪನವರು ಕಾಗದ ಓದಿದರು, ನಿಧಾನವಾಗಿ, ಎರಡು ಸಲ.

"ಇದ್ರಲ್ಲಿ ತಪ್ಪೆಲ್ಲ ನಿಮ್ ಮಗೂದೇ ಅಂತಿದೆ," ಎಂದರು ರೇವಣಸಿದ್ದರಿಗೆ. "ನಿಮ್ ಮಗು ಏನೂ ತಪ್ಪು ಮಾಡ್ಲಿಲ್ಲ. ನಾನು ನೋಡಿದೀನಿ. ಬಗ್ಗಿ ಬರೀತಾ ಇತ್ತು."

"ಗೊತ್ತಣ್ಣ. ಓದಿಸ್ಕೊಂಡೇ ಬಂದಿದೀನಿ." ರೇವಣಸಿದ್ದ ಲೋಟವನ್ನು ನೆಲಕ್ಕಿಟ್ಟರು. "ಸೋಮವಾರ ಆಪರೇಷನ್ ಆಗ್ಬೇಕಂತೆ. ತಡ ಆದ್ರೆ ಕಣ್ಣೇ ತೆಗೀಬೇಕು ಅಂದ್ರು ಡಾಕ್ಟ್ರು. ನೀವು ಸೈನ್ ಹಾಕಿದ್ರೆ ಇವ್ರು ದುಡ್ಡು ಕಟ್ತಾರೆ. ಇಲ್ಲಾಂದ್ರೆ ಕಟ್ಟಲ್ಲ. ನನ್ ಕೈಲಿ ಆಗಲ್ಲ."

"ಸುಳ್ಳಿಗೆ ಹೆಂಗೆ ಹಾಕ್ಲಿ?"

"ಸ್ವಲ್ಪ ಪ್ರಾಕ್ಟಿಕಲ್ ಆಗಿ ನೋಡಣ್ಣ," ಎಂದರು ರೇವಣಸಿದ್ದ. ಕೆಳಗಿನವರ ಬಾಯಲ್ಲಿ ಆ ಮಾತನ್ನು ನಾನು ಕೇಳಿದ್ದು ಅದೇ ಮೊದಲು. ಅದು ಬೇಡಿಕೊಂಡಂತೆ ಕೇಳಿಸಿತು. "ಕಣ್ಣು ಮೊದ್ಲು. ನಿಜ ಆಮೇಲೆ ನೋಡ್ಕೊಳಣ."

ಮರಿಯಪ್ಪನವರು ಎದ್ದು ಹಿತ್ತಲಿಗೆ ಹೋಗಿ ಮುಖ ತೊಳೆದು ಬಂದರು. ನನ್ನ ಹತ್ತಿರ ಪೆನ್ನು ಕೇಳಿದರು. ಅವರ ಕೈಬರಹದಲ್ಲೇ ಇರಬೇಕು ಎಂದು ಗಿರಿರಾಜ್ ಹೇಳಿದ್ದರಲ್ಲ, ಆದ್ದರಿಂದ ನನ್ನ ವಾಕ್ಯಗಳನ್ನು ಒಂದೊಂದಾಗಿ ನೋಡಿಕೊಂಡು ಬಿಳಿ ಹಾಳೆಗೆ ಇಳಿಸಿದರು. ಅಕ್ಷರ ಎಂದಿನಂತೆಯೇ ಗುಂಡಾಗಿತ್ತು. 'ಉಪಸ್ಥಿತ' ಎಂಬಲ್ಲಿ ನಿಲ್ಲಿಸಿ ಅರ್ಥ ಕೇಳಿದರು. ಹೇಳಿದೆ. ಶನಿವಾರ ಬೆಳಿಗ್ಗೆ ಅವರೇ ರಿಜಿಸ್ಟರಿನಿಂದ ಹಳೆಯ ಹಾಳೆಯನ್ನು ಬ್ಲೇಡಿನಲ್ಲಿ ಕತ್ತರಿಸಿ ಗಿರಿರಾಜ್ ಅವರ ಮೇಜಿನ ಮೇಲಿಟ್ಟರು. ಎರಡೂ ಇರೋಕಾಗಲ್ಲ ಸಾರ್ ಎಂದರಂತೆ.

ಸೋಮವಾರ ಆಪರೇಷನ್ ಆಯಿತು. ಚೆನ್ನಾಗಿಯೇ ಆಯಿತು ಎಂದರು. ಧನ್ಯಶ್ರೀ ಜನವರಿಯಲ್ಲಿ ಕಪ್ಪು ಕನ್ನಡಕ ಹಾಕಿಕೊಂಡು ಕಾಲೇಜಿಗೆ ಬಂದಳು. ನಾವೆಲ್ಲ ಅವಳಿಗೆ ನೋಟ್ಸ್ ಬರೆದುಕೊಟ್ಟೆವು. ಅವಳು ಪರೀಕ್ಷೆಗೂ ಕೂತಳು. ಆ ನಾಲ್ಕೈದು ತಿಂಗಳು, ಮಾಡಿದ್ದು ಸರಿಯೇ ಇರಬೇಕೆಂದು ನಾನು ನಂಬಿದ್ದೆ. ಮರಿಯಪ್ಪನವರು ನಂಬಿದ್ದರೋ ಇಲ್ಲವೋ. ಊಟಕ್ಕೆ ಮಾತ್ರ ಅವರು ಕೋಣೆಯ ಬಾಗಿಲು ಹಾಕಿಕೊಳ್ಳತೊಡಗಿದ್ದರು.

ಆಪರೇಷನ್ನಿನಲ್ಲಿ ಕೂರಿಸಿದ್ದ ಹೊಸ ಪದರವನ್ನು ಕಣ್ಣು ಹಿಡಿಯಲಿಲ್ಲ, ಏಪ್ರಿಲ್‌ನಲ್ಲಿ ಅದು ಮಬ್ಬಾಯಿತು. ಇನ್ನೊಂದು ಆಪರೇಷನ್ ಬೇಕು, ಮೊದಲನೆಯದಕ್ಕಿಂತ ದೊಡ್ಡದು ಎಂದರು ಡಾಕ್ಟರು. ರೇವಣಸಿದ್ದ ಕಾಲೇಜಿಗೆ ಬಂದರು. ಮೊದಲನೆಯದನ್ನು ಮಾನವೀಯತೆಯಿಂದ ಮಾಡಿದ್ದೇವೆ, ಇನ್ನು ವಿದ್ಯಾರ್ಥಿಗಳ ವಿಮೆಯಲ್ಲಿ ನೋಡಿಕೊಳ್ಳಿ ಎಂದು ಕಳಿಸಿದರು. ವಿಮೆಯವರು ಕಾಲೇಜಿನ ಹೇಳಿಕೆ ತರಿಸಿಕೊಂಡು ಓದಿದರು. ವಿದ್ಯಾರ್ಥಿನಿ ಸೂಚನೆಯನ್ನು ಮೀರಿದ್ದರಿಂದ ಆದ ಗಾಯಕ್ಕೆ ಪರಿಹಾರ ಬರುವುದಿಲ್ಲ ಎಂದು ಒಂದೂವರೆ ಸಾಲಿನ ಪತ್ರ ಬಂತು. ಅದನ್ನು ರೇವಣಸಿದ್ದ ನನಗೇ ತಂದು ತೋರಿಸಿದರು, ಕನ್ನಡ ಮೇಡಂ ಅರ್ಥ ಹೇಳಲಿ ಎಂದು. ನಾನು ಹೇಳಿದೆ.

ಆ ಸುದ್ದಿ ಕೇಳಿದ ದಿನವೇ ಮರಿಯಪ್ಪನವರು ಕುರುಬರಹಳ್ಳಿಗೆ ಹೋಗಿ, ನಾನು ಬರೆದದ್ದು ಸುಳ್ಳೆಂದು ಎಲ್ಲಿ ಬೇಕಾದರೂ ಹೇಳುತ್ತೇನೆ ಎಂದರು. ರೇವಣಸಿದ್ದರ ಪರವಾಗಿ ಯಾರೋ ವಕೀಲರು ಕಾಲೇಜಿಗೆ ನೋಟೀಸು ಕೊಟ್ಟರು. ನೋಟೀಸಿಗೆ ಮ್ಯಾನೇಜ್‌ಮೆಂಟಿನವರು ಒಂದು ವಿಚಾರಣೆ ಇಟ್ಟರು. ನಿವೃತ್ತ ಅಧಿಕಾರಿಯೊಬ್ಬರು ಬಂದು ಕಾಲೇಜಿನ ಸಭಾಂಗಣದಲ್ಲೇ ಕೂತರು. ಮೇಜಿನ ಮೇಲೆ ಇಪ್ಪತ್ತಾರು ವರ್ಷದ ರಿಜಿಸ್ಟರುಗಳನ್ನು ಜೋಡಿಸಿದ್ದರು. ಅವನ್ನು ಅಟ್ಟದಿಂದ ಇಳಿಸಿ, ದೂಳು ಒರೆಸಿ ತಂದಿಟ್ಟವರು ಮರಿಯಪ್ಪನವರೇ.

ಅಧಿಕಾರಿ ಸಭ್ಯರು. ಒಂದೆರಡು ಪುಸ್ತಕ ತಿರುವಿ ನೋಡಿ ಮೆಚ್ಚಿಕೊಂಡರು. ಅಳತೆ ಜಾಡಿ ಒಡೆದ ಸಾಲನ್ನು ಗಟ್ಟಿಯಾಗಿ ಓದಿದರು. ಆಮೇಲೆ ಕೇಳಿದರು, ಇಷ್ಟು ವರ್ಷದಲ್ಲಿ ಇವುಗಳಲ್ಲಿ ಎಲ್ಲಾದರೂ ಸುಳ್ಳು ಬರೆದಿದ್ದೀರಾ ಎಂದು.

"ಇಲ್ಲ ಸಾರ್."

"ಈ ಹೇಳಿಕೆ ನಿಮ್ಮ ಅಕ್ಷರವೇ?"

"ನನ್ನದೇ ಸಾರ್. ಇದೊಂದು ಸುಳ್ಳು."

"ನಿಮ್ಮಂಥವರು ಇದೊಂದನ್ನು ಮಾತ್ರ ಯಾಕೆ ಸುಳ್ಳು ಬರೀತೀರಿ?"

ರೇವಣಸಿದ್ದ ಕೇಳಿಕೊಂಡರು, ಅದಕ್ಕೆ ಎಂದು ಮರಿಯಪ್ಪನವರು ಹೇಳಬಹುದಿತ್ತು. ಹೇಳಿದ್ದರೆ, ಆ ತಂದೆ ಮಗಳ ಆಪರೇಷನ್ನಿಗಾಗಿ ಸುಳ್ಳು ಬರೆಸಿದ ಎಂದಾಗುತ್ತಿತ್ತು. ಎದುರಿನ ಕುರ್ಚಿಯಲ್ಲಿ ರೇವಣಸಿದ್ದ ತಲೆ ತಗ್ಗಿಸಿ ಕೂತಿದ್ದರು. ಕೊನೆಗೆ ಮರಿಯಪ್ಪನವರು, ಮೊದಲು ಬರೆದ ಹಾಳೆ ಬೇರೆ ಇತ್ತು, ಕನ್ನಡ ಮೇಡಂಗೆ ಗೊತ್ತು, ಅವರನ್ನು ಕೇಳಿ ಎಂದರು.

ನನ್ನನ್ನು ಕರೆದರು. ನನ್ನ ಕೆಲಸ ಕಾಯಂ ಆದ ಆದೇಶ ಬಂದು ಮೂರು ವಾರವಾಗಿತ್ತು. ಮೊದಲ ಹಾಳೆ ನೋಡಿದ್ದೀರಾ ಎಂದು ಅಧಿಕಾರಿ ಕೇಳಿದರು. ನಾನು ನೋಡಿದ್ದೆ. ಅವರು ಅದನ್ನು ಬರೆಯುವಾಗ ಪಕ್ಕದಲ್ಲೇ ನಿಂತಿದ್ದೆ, ಅವರ ಅಂಗಿಯಿಂದ ನೀರು ತೊಟ್ಟಿಕ್ಕುತ್ತಿತ್ತು. ನಾನು ಭಾಷೆ ತಿದ್ದಿಕೊಟ್ಟದ್ದಷ್ಟೇ, ಉಳಿದದ್ದು ಗೊತ್ತಿಲ್ಲ ಎಂದೆ. ಮರಿಯಪ್ಪನವರು ನನ್ನತ್ತ ನೋಡಲಿಲ್ಲ. ನೋಡಬಾರದೆಂದು ಅಲ್ಲ, ನನ್ನ ಉತ್ತರ ಮುಗಿಯುವಷ್ಟರಲ್ಲಿ ಅವರು ಪುಸ್ತಕಗಳನ್ನು ಎತ್ತಿ ಜೋಡಿಸಿಕೊಳ್ಳತೊಡಗಿದ್ದರು.

ದೂರಿನಲ್ಲಿ ಹುರುಳಿಲ್ಲ ಎಂದು ವರದಿ ಬಂತು. ಅದೇ ವರದಿಯಲ್ಲಿ, ಹೇಳಿಕೆ ಬದಲಾಯಿಸುವ ನೌಕರನ ಬಗ್ಗೆ ಸಂಸ್ಥೆ ಎಚ್ಚರ ವಹಿಸಬೇಕೆಂಬ ಸಾಲೂ ಇತ್ತು. ರೇವಣಸಿದ್ದರಿಗೆ ಮುಂದೆ ಓಡಾಡುವ ಶಕ್ತಿ ಇರಲಿಲ್ಲ, ಬಿಟ್ಟರು. ಮರಿಯಪ್ಪನವರು ತಾವೇ ರಾಜೀನಾಮೆ ಕೊಟ್ಟರು. ಕಾರಣ ಎಂಬಲ್ಲಿ ಏನು ಬರೆದಿದ್ದರೋ, ಕ್ಲರ್ಕ್ ಅದನ್ನು ಹೊಡೆದು 'ಸ್ವಂತ ಕಾರಣ' ಎಂದು ಬರೆಸಿದನಂತೆ. ಕಳಿಸಿಕೊಡುವ ಸಭೆ ಎಂದು ಏನೂ ಆಗಲಿಲ್ಲ. ಅಂಜನಮ್ಮ ಬೆಳಗಿನ ಹೊತ್ತು ಎರಡು ಮನೆಯ ಅಡುಗೆಗೆ ಹೋಗತೊಡಗಿದರು. ಕೀರ್ತನಾಗೆ ಬಸವೇಶ್ವರನಗರದ ಒಂದು ರಕ್ತ ಪರೀಕ್ಷೆಯ ಲ್ಯಾಬಿನಲ್ಲಿ ಕೆಲಸ ಸಿಕ್ಕಿತ್ತು. ಅವಳು ಅಪ್ಪನನ್ನು ಒಂದು ಮಾತೂ ಅನ್ನಲಿಲ್ಲ ಎಂದು ಅಂಜನಮ್ಮ ಹೇಳಿದರು. ಅಂದಿದ್ದರೆ ಅವರಿಗೆ ಹಗುರಾಗುತ್ತಿತ್ತೇನೋ ಎಂದೂ ಹೇಳಿದರು.

ನಾನು ಅವರ ಮನೆಗೆ ಹೋಗಲು ಒಂದು ವರ್ಷ ತೆಗೆದುಕೊಂಡೆ. ಕ್ಷಮೆ ಕೇಳಬೇಕೆಂದು ಹೋದದ್ದು. ವಾಕ್ಯವನ್ನು ದಾರಿಯಲ್ಲಿ ಸಿದ್ಧ ಮಾಡಿಕೊಂಡಿದ್ದೆ, ಬಾಗಿಲಲ್ಲಿ ಅವರನ್ನು ನೋಡಿದಾಗ ಅದು ಬರಲಿಲ್ಲ. ಇಳಿದುಹೋಗಿದ್ದರು. ಕೂತುಕೊಳ್ಳಿ ಎಂದರು. ನಾನು ಏನೇನೋ ತೊದಲಿದೆ. ಅವರು ಪೂರ್ತಿ ಕೇಳಿಸಿಕೊಂಡರು.

"ನೀವು ಬರೆದಿದ್ದು ಚೆನ್ನಾಗಿತ್ತು ಮೇಡಂ," ಎಂದರು. "ನಾನೇ ಬರೆದಿದ್ರೆ ಅಷ್ಟು ಗಟ್ಟಿಯಾಗಿ ಬರ್ತಿರ್ಲಿಲ್ಲ."

ಅದರಲ್ಲಿ ವ್ಯಂಗ್ಯ ಹುಡುಕಿದೆ, ಇರಲಿಲ್ಲ. ಇದ್ದಿದ್ದರೆ ಅತ್ತಾದರೂ ಬರುತ್ತಿದ್ದೆ.

ಆಮೇಲೆ ಅವರು ಧನ್ಯಶ್ರೀಯ ವಿಷಯ ಹೇಳಿದರು. ಅವಳು ಮುಂದೆ ಸೈನ್ಸ್ ಓದಲಿಲ್ಲ, ಒಂದು ಬಟ್ಟೆ ಅಂಗಡಿಯಲ್ಲಿ ಬಿಲ್ ಹಾಕುತ್ತಾಳೆ. ತಿಂಗಳಿಗೊಮ್ಮೆ ಕಣ್ಣು ತೋರಿಸಲು ಆಸ್ಪತ್ರೆಗೆ ಹೋಗಬೇಕಿತ್ತು. ಅವಳ ಅಪ್ಪನಿಗೆ ರಜೆ ಸಿಗುವುದಿಲ್ಲ, ಅಮ್ಮನಿಗೆ ಗಾರ್ಮೆಂಟ್ಸ್ ಕೆಲಸ. ಮರಿಯಪ್ಪನವರೇ ಹೋಗಿ ಕರೆದುಕೊಂಡು ಬರುತ್ತಿದ್ದರು. ಬಸ್ಸಿನಲ್ಲಿ ಅವಳು ಅವರ ಪಕ್ಕ ಕೂರುತ್ತಿದ್ದಳು, ಕೆಲಸದ ಬಗ್ಗೆ, ಅಂಗಡಿಗೆ ಬರುವವರ ಬಗ್ಗೆ ಹೇಳುತ್ತಿದ್ದಳು. ಹೇಳಿಕೆಯ ಮಾತನ್ನು ಯಾವತ್ತೂ ಎತ್ತಲಿಲ್ಲ. ಅವಳಿಗೆ ಗೊತ್ತಿತ್ತೋ ಇಲ್ಲವೋ ಅವರಿಗೆ ತಿಳಿಯದು, ಕೇಳುವ ಧೈರ್ಯವೂ ಆಗಲಿಲ್ಲ.

ನಾನು ಹೋಗುವ ಹಿಂದಿನ ತಿಂಗಳು ಡಾಕ್ಟರು ದೀಪ ಹಿಡಿದು ನೋಡಿ, ಆ ಕಣ್ಣಿಗೆ ಇನ್ನು ಬೆಳಕೂ ಗೊತ್ತಾಗುತ್ತಿಲ್ಲ, ಸುಮ್ಮನೆ ಓಡಾಡಬೇಡಿ, ಇನ್ನು ಬರಬೇಕಾಗಿಲ್ಲ ಎಂದರಂತೆ. ಇಬ್ಬರೂ ಹೊರಗೆ ಬಂದರು. ಬಸ್ ಸ್ಟಾಪಿನಲ್ಲಿ ನಿಂತರು. ಒಂದೇ ಕಣ್ಣಿರುವುದರಿಂದ ಅವಳಿಗೆ ಮೆಟ್ಟಿಲಿನ ಎತ್ತರ ಸರಿಯಾಗಿ ತಿಳಿಯುವುದಿಲ್ಲ, ಬಸ್ ಹತ್ತುವಾಗ ಕಾಲು ಗಾಳಿಯಲ್ಲಿ ತಡವರಿಸುತ್ತದೆ. ಅವರು ಪ್ರತಿ ಸಲ ಹಿಂದೆ ನಿಂತು, ಇನ್ನೂ ಸ್ವಲ್ಪ ಮೇಲೆ ಎನ್ನುತ್ತಿದ್ದರು. ಆವತ್ತು ಬಸ್ಸು ಪೂರ್ತಿ ನಿಲ್ಲಲಿಲ್ಲ, ಜನ ನುಗ್ಗಿದರು, ಅವಳು ಹೇಗೋ ಒಳಗೆ ಸೇರಿಕೊಂಡಳು, ಇವರಿಗೆ ಹತ್ತಲಾಗಲಿಲ್ಲ. ಮುಂದಿನ ಬಸ್ಸಿಗೆ ಹೋಗಬಹುದಿತ್ತು, ಆದರೆ ಅವಳು ಮನೆ ಸೇರಿಕೊಂಡಿರುತ್ತಾಳೆ ಎಂದು ನಡೆದುಕೊಂಡೇ ಮಾರೇನಹಳ್ಳಿಗೆ ಬಂದರಂತೆ. ಆಮೇಲೆ ಅವರಿಬ್ಬರೂ ಭೇಟಿಯಾಗಿಲ್ಲ.